ತುಲಾಂಬೆನ್‌ನ ಮುಳುಗಿದ ಹಡಗು ನೋಡುವವರು ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳಿ

ಬಾಲಿಯ ತುಲಾಂಬೆನ್‌ನಲ್ಲಿ ಮುಳುಗಿರುವ ಹಡಗನ್ನು ಡೈವ್ ಮಾಡಿ ನೋಡಬೇಕೆಂದು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ದಕ್ಷಿಣ ಬಾಲಿಯ ಪ್ರವಾಸಿ ಊರು ಕುಟಾದಿಂದ ಒಂದೇ ದಿನದಲ್ಲಿ ಹೋಗಿಬರುವ ಪ್ಯಾಕೇಜ್ ತಗೊಳ್ಳಬೇಡಿ. ನಾನೂ ತಂಗಿಯೂ ತಗೊಂಡೆವು. ದುಡ್ಡೂ ಹೋಯಿತು, ಹಡಗೂ ನೆಟ್ಟಗೆ ಕಾಣಲಿಲ್ಲ.

ಐದಕ್ಕೆ ಬರುತ್ತದೆಂದ ಗಾಡಿ ಬಂದಾಗ ಏಳು ಗಂಟೆ. ಇನ್ನೂ ಮೂರು ಹೋಟೆಲುಗಳ ಮುಂದೆ ಕಾದು ಜನರನ್ನು ಹತ್ತಿಸಿಕೊಂಡರು. ಸುಮಾರು ಮೂರು ಗಂಟೆಯ ದಾರಿ ಅದು. ನಡುವೆ ಲುವಾಕ್ ಕಾಫಿ ಅಂಗಡಿಯೊಂದರ ಮುಂದೆ ಡ್ರೈವರ್ ಗಾಡಿ ನಿಲ್ಲಿಸಿದ. ಬೇಡವೆಂದರೂ ಕೇಳಲಿಲ್ಲ, ಅಲ್ಲೇ ಮುಕ್ಕಾಲು ಗಂಟೆ ಹೋಯಿತು. ತುಲಾಂಬೆನ್ ಮುಟ್ಟಿದಾಗ ಹನ್ನೊಂದಾಗುತ್ತಿತ್ತು, ದಡದ ತುಂಬ ಜನ. ಸಾಮಾನೆಲ್ಲ ಸೇರಿ ಇಷ್ಟು ಎಂದು ಹೇಳಿದ್ದವರು ಅಲ್ಲಿ ರಬ್ಬರ್ ಬೂಟಿಗೆ ಬೇರೆ 50,000 ರುಪಿಯಾ ಕೇಳಿದರು. ಕೊಡದೆ ವಿಧಿಯಿಲ್ಲ. ದಡದಲ್ಲಿ ಮರಳಿಲ್ಲ, ಹೊಳೆಯಲ್ಲಿರುವಂಥ ಕಪ್ಪು ಗುಂಡುಕಲ್ಲು ಮಾತ್ರ. ಬಿಸಿಲಿಗೆ ಕಾಯುತ್ತವೆ, ಅಲೆ ಬಡಿದಾಗ ಕಾಲಡಿಯಲ್ಲೇ ಉರುಳುತ್ತವೆ. ಬೆನ್ನ ಮೇಲೆ ಸಿಲಿಂಡರ್ ಹೊತ್ತು ಬರಿಗಾಲಲ್ಲಿ ನಡೆಯುವ ಜಾಗವಲ್ಲ. ದಪ್ಪ ತಳದ ಬೂಟು ಬಾಡಿಗೆಯಲ್ಲಿ ಸೇರಿದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ.

ಇನ್ನಿಬ್ಬರು ಸೇರಿ ನಾವು ನಾಲ್ವರಿಗೆ ಒಬ್ಬನೇ ಇನ್‌ಸ್ಟ್ರಕ್ಟರ್. ಹೊಸಬರಿಗೆ ನಿಯಮದಲ್ಲಿ ಅಷ್ಟಕ್ಕೆ ಅವಕಾಶವಿದೆ, ಆದರೆ ಒಬ್ಬರ ಕಿವಿ ನೋಯುತ್ತಿದ್ದರೆ ಉಳಿದ ಮೂವರೂ ನೀರಿನಲ್ಲಿ ನಿಂತು ಕಾಯಬೇಕು. ನಮಗೆ ಆದದ್ದು ಅದೇ. ಜತೆಗೆ ಸುತ್ತ ಹತ್ತಾರು ಜನ ಕಾಲಿಗೆ ಹಾಕಿಕೊಂಡ ಫಿನ್‌ಗಳ (ಈಜುರೆಕ್ಕೆಗಳ) ಬಡಿತಕ್ಕೆ ತಳದ ಮಣ್ಣೆಲ್ಲ ಎದ್ದು ನೀರು ಕದಡಿಹೋಗಿತ್ತು. ಇಪ್ಪತ್ತೈದು ನಿಮಿಷಕ್ಕೆ ಮೇಲೆ ಕರೆತಂದರು. ನನಗೆ ಕಂಡದ್ದು ತುಕ್ಕು ಹಿಡಿದ ಒಂದು ಗೋಡೆ, ಬೇರೆಯವರ ಕಾಲುಗಳು. ಸಂಜೆ ವಾಪಸು ಹೋಗುವ ಗಾಡಿಯನ್ನು ಬಿಟ್ಟು ಅಲ್ಲೇ ರೂಮು ಹಿಡಿದೆವು. ಆ ಪ್ರವಾಸದಲ್ಲಿ ನಾವು ಮಾಡಿದ ಒಳ್ಳೆಯ ತೀರ್ಮಾನ ಅದೊಂದೇ.

ಮರುದಿನ ಬೆಳಗ್ಗೆ ಆರಕ್ಕೆ ಊರಿನದೇ ಗೈಡ್ ಒಬ್ಬರನ್ನು ನಮ್ಮಿಬ್ಬರಿಗೆ ಮಾತ್ರ ಎಂದು ಗೊತ್ತುಮಾಡಿಕೊಂಡು ಹೋದೆವು. ದಡದಲ್ಲಿ ಸಿಲಿಂಡರ್ ಹೊರುವವರು ಊರಿನ ಹೆಂಗಸರು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಅಡ್ಡಕ್ಕೆ ಸಿಲಿಂಡರ್. ತುಂಬಿದ್ದು ಒಂದೊಂದೂ 15 ಕಿಲೋ ಮೀರುತ್ತದೆ. ನಾನು ಎರಡೂ ಕೈ ಚಾಚಿ ನಡೆಯುತ್ತಿದ್ದ ಅದೇ ಕಲ್ಲಿನ ಮೇಲೆ ಅವರು ಮಾತಾಡುತ್ತಾ ನಡೆದು ಹೋದರು. ಅವರ ಕೂಲಿ ನಿಮ್ಮ ಲೆಕ್ಕದಲ್ಲಿ ಸೇರಿದ್ದರೂ ಕೈಗೆ ಒಂದಿಷ್ಟು ಕೊಡಿ.

ಹಡಗಿನ ಹೆಸರು ಲಿಬರ್ಟಿ. ಎರಡನೇ ಮಹಾಯುದ್ಧದ ‘ಲಿಬರ್ಟಿ’ ಮಾದರಿಯ ಹಡಗು ಎಂದು ಕೆಲವರು ಹೇಳುತ್ತಾರೆ, ಅದು ತಪ್ಪು. ಇದು 1918ರಲ್ಲೇ ಅಮೆರಿಕದಲ್ಲಿ ಕಟ್ಟಿದ ಸರಕಿನ ಹಡಗು. 1942ರ ಜನವರಿ 11ರಂದು ಲೊಂಬೊಕ್ ಜಲಸಂಧಿಯಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಎರಡು ಯುದ್ಧನೌಕೆಗಳು ಸಿಂಗರಾಜ ಬಂದರಿನತ್ತ ಎಳೆದವು. ಒಳಗೆ ನೀರು ತುಂಬುತ್ತಾ ಬಂದಿದ್ದರಿಂದ ತುಲಾಂಬೆನ್ ದಡಕ್ಕೇ ಹತ್ತಿಸಿಬಿಟ್ಟರು. ಇಪ್ಪತ್ತೊಂದು ವರ್ಷ ದಡದಲ್ಲೇ ಇತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ ಸಮುದ್ರಕ್ಕೆ ಜಾರಿತು. ಹಾಗಾಗಿಯೇ ಹೊಸಬರಿಗೆ ಇಷ್ಟು ಸುಲಭ: ದೋಣಿ ಬೇಡ, ದಡದಿಂದ ಸುಮಾರು 30 ಮೀಟರ್ ಈಜಿದರೆ ಸಿಕ್ಕಿತು. ಮೇಲಿನ ಭಾಗ 5 ಮೀಟರ್ ಆಳದಲ್ಲೇ ಇದೆ, ತಳ ಮಾತ್ರ 30 ಮೀಟರ್ ಹತ್ತಿರ ಹೋಗುತ್ತದೆ. ತರಬೇತಿ ಇಲ್ಲದೆ ಮೊದಲ ಸಲ ಇಳಿಯುವವರಿಗೆ 12 ಮೀಟರ್ ಮಿತಿ, ಅಷ್ಟರಲ್ಲೇ ನೋಡಲು ಬೇಕಾದಷ್ಟಿದೆ. ‘ಪೂರ್ತಿ ಹಡಗು ತೋರಿಸುತ್ತೇವೆ’ ಎನ್ನುವವರನ್ನು ನಂಬಬೇಡಿ. ನೇತ್ರಾಣಿಗೆ ಹೋದಾಗ ದೋಣಿಯಲ್ಲೇ ವಾಂತಿಯಾಗಿ ಸುಸ್ತಾಗಿದ್ದ ನನ್ನ ತಂಗಿ ಇಲ್ಲಿ ನಿರಾಳವಾಗಿದ್ದಳು.

ಬೆಳಗಿನ ನೀರು ತಿಳಿಯಾಗಿತ್ತು. ರಾತ್ರಿ ಹಡಗಿನೊಳಗೆ ಮಲಗುವ ಬಂಪ್‌ಹೆಡ್ ಗಿಳಿಮೀನುಗಳು ಆ ಹೊತ್ತಿಗೆ ಹೊರಡುತ್ತವೆ. ಹಣೆ ಉಬ್ಬಿದ, ಒಂದು ಮೀಟರಿಗೂ ಮೀರಿ ಬೆಳೆಯುವ ಮೀನುಗಳ ಹಿಂಡು. ಹವಳ ಕಡಿಯುವ ಕಟಕಟ ಸದ್ದು ನೀರಿನೊಳಗೆ ನಮಗೂ ಕೇಳುತ್ತಿತ್ತು. ಪಕ್ಕದ ಕಪ್ಪು ಮರಳಿನಲ್ಲಿ ತೋಟದ ಹಾವುಮೀನುಗಳು ಸಸಿಮಡಿಯ ಭತ್ತದ ಸಸಿಗಳ ಹಾಗೆ ಒತ್ತೊತ್ತಾಗಿ ನಿಂತು ತೂಗುತ್ತಿದ್ದವು. ನಾವು ಸ್ವಲ್ಪ ಹತ್ತಿರ ಹೋದೆವೋ ಇಲ್ಲವೋ, ಮುಂದಿನ ಸಾಲು ಮರಳೊಳಗೆ ಇಳಿಯಿತು, ಆಮೇಲೆ ಅದರ ಹಿಂದಿನ ಸಾಲು. ಕೊನೆಗೆ ಬರೀ ಮರಳು. ಉಸಿರು ಸಣ್ಣಗೆ ಬಿಡುತ್ತಾ ಅಲ್ಲೇ ನಿಂತೆ. ಒಂದೊಂದೇ ತಲೆ ಮತ್ತೆ ಎದ್ದಿತು.

ಕಿವಿಯ ವಿಷಯ ಹಗುರವಾಗಿ ತಗೊಳ್ಳಬೇಡಿ. 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ನೋವು ಬರುವ ಮುಂಚೆಯೇ, ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೆಗಡಿ ಇದ್ದರೆ ಇಳಿಯಲೇಬೇಡಿ. ವಾಪಸು ವಿಮಾನವನ್ನೂ ನೋಡಿಕೊಳ್ಳಿ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ ಬಿಟ್ಟೇ ಹತ್ತಬೇಕು.

ಊಟ ರಸ್ತೆ ಬದಿಯ ವಾರುಂಗ್‌ನಲ್ಲೇ, ಅಂದರೆ ಸಣ್ಣ ಊಟದಂಗಡಿಯಲ್ಲೇ ಮಾಡಿ. ಸಮುದ್ರ ಕಾಣುವ ರೆಸ್ಟೋರೆಂಟಿನಲ್ಲಿ ದುಡ್ಡು ಜಾಸ್ತಿ, ರುಚಿ ಸಪ್ಪೆ. ನಾವು ಮೂರು ಹೊತ್ತು ಹೋದದ್ದು ನಾಲ್ಕೇ ಬೆಂಚಿರುವ ಅಂಗಡಿಗೆ. ನಾಸಿ ಚಂಪುರ್ 30,000 ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 160 ರೂಪಾಯಿ. ಬಿಸಿ ಅನ್ನ, ತೆಂಗಿನತುರಿ ಹಾಕಿದ ಬೀನ್ಸ್ ಪಲ್ಯ, ಹುದುಗಿಸಿದ ಸೋಯಾ ಕಾಳಿನ ಗರಿಗರಿ ಟೆಂಪೆ, ಕೆಂಡದಲ್ಲಿ ಸುಟ್ಟ ಮೀನು. ಮೇಲೆ ಸಂಬಾಲ್ ಮತಾ: ಸಣ್ಣ ಈರುಳ್ಳಿ, ಮೆಣಸಿನಕಾಯಿ, ಮಜ್ಜಿಗೆಹುಲ್ಲು ಎಲ್ಲ ಹಸಿಯಾಗಿಯೇ ಹೆಚ್ಚಿ, ಬಿಸಿ ಕೊಬ್ಬರಿ ಎಣ್ಣೆ ಹೊಯ್ದು ನಿಂಬೆ ಹಿಂಡಿದ್ದು. ಅದೊಂದಿದ್ದರೆ ಬರೀ ಅನ್ನ ಉಣ್ಣಬಹುದು. ತಂಗಿ ಸಸ್ಯಾಹಾರಿ. ಸಂಬಾಲ್ ಎನ್ನುವ ಇಲ್ಲಿನ ಖಾರದ ಚಟ್ನಿಗಳಲ್ಲಿ ಹೆಚ್ಚಿನವಕ್ಕೆ ಸಿಗಡಿಯಿಂದ ಮಾಡಿದ ಟೆರಾಸಿ ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ‘ತಾನ್ಪಾ ಟೆರಾಸಿ, ಇಬು’ ಅಂದರೆ ಸಾಕು. ತಾನ್ಪಾ ಅಂದರೆ ಇಲ್ಲದೆ, ಇಬು ಅಂದರೆ ಅಮ್ಮ. ಅಂಗಡಿಯಾಕೆ ಒರಳು ತೊಳೆದು ಇವಳಿಗೆಂದೇ ಬೇರೆ ಅರೆದುಕೊಟ್ಟರು, ಎರಡನೇ ದಿನ ಹೇಳುವ ಮೊದಲೇ.

ಹತ್ತೂವರೆಗೆ ನಾವು ಅಲ್ಲಿ ಉಣ್ಣುತ್ತಿದ್ದಾಗ ಕುಟಾದ ಗಾಡಿಗಳು ಒಂದರ ಹಿಂದೊಂದು ಬಂದು ನಿಲ್ಲತೊಡಗಿದವು.