ಹಸಿರು ಪೆಟ್ಟಿಗೆ ಮತ್ತು ಅರ್ಥ್ ಕಾಲಂ: ನಮ್ಮ ಗುತ್ತಿಗೆದಾರರ ಸಂಘದ 2025

ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾವು 43 ಜನ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರುಗಳಿದ್ದೇವೆ. ನಮ್ಮದೊಂದು ಸಂಘ. ಸ್ವಂತ ಕಟ್ಟಡ ಇಲ್ಲ, ಖಜಾಂಚಿಯ ಅಂಗಡಿಯ ಅಟ್ಟವೇ ಆಫೀಸು. ಜನವರಿಯ ಮಹಾಸಭೆಯಲ್ಲಿ ನನ್ನನ್ನು ಕಾರ್ಯದರ್ಶಿ ಮಾಡಿದರು. ಬೇಡ ಅಂದವರನ್ನೇ ಮಾಡುವುದು ನಮ್ಮಲ್ಲಿ ಪದ್ಧತಿ. ವರ್ಷವಿಡೀ ಒಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ.

ಜನವರಿ 12

ಮಹಾಸಭೆ. ವರದಿ ಓದುವುದು, ಲೆಕ್ಕ ಒಪ್ಪಿಸುವುದು, ಕೇಸರಿಬಾತ್. ಆಮೇಲೆ ಎಂದಿನ ಬೇಡಿಕೆ ಪಟ್ಟಿ: ಮೀಟರ್ ಬೇಗ ಸಿಗಲಿ, ಲೈಸೆನ್ಸ್ ಇಲ್ಲದವರ ಕೆಲಸ ನಿಲ್ಲಲಿ, ಮನವಿ ಪತ್ರ ಕೊಡೋಣ. ನಾನು ಎದ್ದು ನಿಂತು, ಸಂಘದ ಹಣದಲ್ಲಿ ಒಂದು ಡಿಜಿಟಲ್ ಅರ್ಥ್ ಟೆಸ್ಟರ್ ತರೋಣ ಅಂದೆ. ಮನೆಯ ಅರ್ಥ್ ಗುಂಡಿ ಕರೆಂಟನ್ನು ನೆಲಕ್ಕೆ ಎಷ್ಟು ಸಲೀಸಾಗಿ ಇಳಿಸುತ್ತದೆ ಎಂದು ಓಮ್ ಲೆಕ್ಕದಲ್ಲಿ ಅಳೆಯುವ ಮೀಟರು ಅದು; ಓಮ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಬ್ಬರು ನಕ್ಕರು. "ಅದನ್ನ ತಂದು ಏನ್ ಮಾಡ್ತೀಯಪ್ಪಾ, ಪೂಜೆನಾ?"

ನಗುವುದಕ್ಕೆ ಕಾರಣ ಇದೆ. ಹೊಸ ಮನೆಗೆ ಸರ್ವಿಸ್, ಅಂದರೆ ಕರೆಂಟಿನ ಸಂಪರ್ಕ ಬೇಕಾದರೆ ನಾವು ವೈರಿಂಗ್ ಮುಗಿದ ಕಂಪ್ಲೀಷನ್ ರಿಪೋರ್ಟ್ ಬರೆದು ಸಹಿ ಹಾಕಬೇಕು. ಅದರಲ್ಲಿ ಇನ್ಸುಲೇಷನ್ ಎಷ್ಟು, ಅರ್ಥ್ ಎಷ್ಟು ಓಮ್ ಎಂದು ತುಂಬಬೇಕು. ಇನ್ಸುಲೇಷನ್ನಿಗೆ ಹೆಚ್ಚಿನವರ ಹತ್ತಿರ ಮೆಗ್ಗರ್ ಇದೆ. ಅರ್ಥ್ ಟೆಸ್ಟರ್ ಇದ್ದದ್ದು 43 ಜನರಲ್ಲಿ ಇಬ್ಬರ ಹತ್ತಿರ. ಉಳಿದ 41 ಜನ ಆ ಕಾಲಂನಲ್ಲಿ ಏನು ಬರೆಯುತ್ತಿದ್ದೆವು? 1 ಓಮ್. ಸ್ವಲ್ಪ ನಾಚಿಕೆ ಇದ್ದವರು 1.2 ಎಂದು ಬರೆಯುತ್ತಿದ್ದರು. ನಾನು 19 ವರ್ಷದಿಂದ 1 ಓಮ್ ಪಾರ್ಟಿ.

ಹನ್ನೊಂದು ಓಟಿನ ಅಂತರದಲ್ಲಿ ಪಾಸಾಯಿತು.

ಫೆಬ್ರವರಿ 9

ಪೆಟ್ಟಿಗೆ ಬಂತು. ಹಸಿರು ಬಣ್ಣ, ಒಳಗೆ ಮೀಟರು, ಎರಡು ಕಬ್ಬಿಣದ ಮೊಳೆ, ಮೂರು ಬಣ್ಣದ ಉದ್ದ ವೈರು. ಅಟ್ಟದ ಬಾಗಿಲಿಗೆ ಒಂದು ಪುಸ್ತಕ ಕಟ್ಟಿದೆವು. ಯಾರು ಒಯ್ದರು, ಯಾವ ಊರು, ಎಷ್ಟು ಓಮ್, ಯಾವಾಗ ವಾಪಸ್. ಬಾಡಿಗೆ ಇಲ್ಲ. ಬ್ಯಾಟರಿ ಖರ್ಚು ಸಂಘದ್ದು.

ಫೆಬ್ರವರಿ 23

ಮೊದಲ ಎರಡು ವಾರದ ರೀಡಿಂಗ್ ನೋಡಿ ಖುಷಿಯೋ ಖುಷಿ. ಎಲ್ಲರದ್ದೂ 1 ಓಮ್ ಆಸುಪಾಸು! ನಕ್ಕಿದ್ದ ಹಿರಿಯರು, "ನೋಡ್ದಾ, ನಾವು ಬರೀತಿದ್ದಿದ್ದೇ ಸರಿ" ಎಂದು ಬೆನ್ನು ತಟ್ಟಿದರು.

ನನಗೆ ಅನುಮಾನ ಬಂತು. ನಮ್ಮ ಕಡೆಯ ನೆಲ ಒಣ ಕೆಂಪು ಮಣ್ಣು, ಎರಡು ಅಡಿ ಕೆಳಗೆ ಗೊರಚು. ಅಷ್ಟು ಒಳ್ಳೆ ಅರ್ಥ್ ಹೇಗೆ ಬಂತು? ಹೋಗಿ ನೋಡಿದರೆ ತಪ್ಪು ಎರಡು ಕಡೆ ಇತ್ತು. ಒಂದು, ಅರ್ಥ್ ವೈರನ್ನು ಗುಂಡಿಯಿಂದ ಬಿಚ್ಚದೆಯೇ ಅಳೆದಿದ್ದರು. ಮನೆಯ ಅರ್ಥ್ ವೈರು ಬೋರ್‌ವೆಲ್ ಮೋಟರಿಗೂ ಅದರ ಕಬ್ಬಿಣದ ಪೈಪಿಗೂ ಸೇರಿರುತ್ತದೆ. ನೂರಾರು ಅಡಿ ಕೆಳಗೆ ನೀರಿನಲ್ಲಿ ಕೂತ ಪೈಪಿಗಿಂತ ಒಳ್ಳೆ ಅರ್ಥ್ ಯಾವುದು? ಅಂದರೆ ನಾವು ಗುಂಡಿಯನ್ನು ಬಿಟ್ಟು ಬೋರನ್ನು ಅಳೆಯುತ್ತಿದ್ದೆವು. ಎರಡು, ಮೊಳೆಗಳನ್ನು ಕಾಂಪೌಂಡಿನ ಒಳಗೇ ನಾಲ್ಕಾರು ಅಡಿ ಅಂತರದಲ್ಲಿ ಹೊಡೆದಿದ್ದರು. ಹಾಗೆ ಹೊಡೆದರೆ ಮೀಟರು ಸುಮ್ನೆ ಕಡಿಮೆ ತೋರಿಸುತ್ತದೆ.

ಸರಿಯಾದ ದಾರಿ ಹೀಗೆ: ಮೊದಲು ಮೇನ್ ಆಫ್ ಮಾಡು. ಗುಂಡಿಯ ವೈರು ಬಿಚ್ಚು. ದೂರದ ಮೊಳೆ 30 ಮೀಟರಿಗೆ, ನಡುವಿನದು ಅದರ ಶೇಕಡಾ 62ಕ್ಕೆ, ಅಂದರೆ 18.6 ಮೀಟರಿಗೆ. ಓದು. ನಡುವಿನ ಮೊಳೆಯನ್ನು 3 ಮೀಟರ್ ಆಚೆ ಈಚೆ ಸರಿಸಿ ಮತ್ತೆ ಓದು. ಮೂರೂ ಹತ್ತಿರ ಹತ್ತಿರ ಬಂದರೆ ನಂಬು. ಇಲ್ಲದಿದ್ದರೆ ದೂರದ ಮೊಳೆಯನ್ನು ಇನ್ನೂ ದೂರ ಒಯ್ಯಿ. ಪಕ್ಕದವರ ತೋಟಕ್ಕೆ ನುಗ್ಗಬೇಕಾಗುತ್ತದೆ, ಹೇಳಿ ಕೇಳಿ ನುಗ್ಗಿ. ಒಬ್ಬ ಹುಡುಗನನ್ನು ತೆಂಗಿನ ತೋಟದಲ್ಲಿ ನಾಯಿ ಅಟ್ಟಿಸಿಕೊಂಡು ಬಂತು.

ಎರಡು ವಾರದ ರೀಡಿಂಗ್ ಮೇಲೆಲ್ಲಾ ಅಡ್ಡಗೆರೆ ಎಳೆದೆ.

ಏಪ್ರಿಲ್ 20

ಈ ನಡುವೆ ಪೆಟ್ಟಿಗೆಗೆ ಕೆಲಸ ಕಡಿಮೆ. ಯಾಕೆಂದರೆ ನಮಗೇ ಕೆಲಸ ಕಡಿಮೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಕಟ್ಟಡಕ್ಕೆ ಒಸಿ (ನಕ್ಷೆಯಂತೆ ಕಟ್ಟಿದೆ, ವಾಸಕ್ಕೆ ಯೋಗ್ಯ ಎಂಬ ಪತ್ರ) ಸಿಕ್ಕ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಎಂದು ತೀರ್ಪು ಕೊಟ್ಟಿತ್ತು. ಅದು ಜಾರಿಗೆ ಬಂದ ಬಿಸಿ ಈಗ ತಟ್ಟುತ್ತಿದೆ. ವೈರಿಂಗ್ ಮುಗಿದಿದೆ, ಗೃಹಪ್ರವೇಶದ ದಿನ ಗೊತ್ತಾಗಿದೆ, ಒಸಿ ಇಲ್ಲ. ಮನೆಯವರು ಬೈಯುವುದು ಯಾರನ್ನು? ಎದುರಿಗೆ ಸಿಗುವ ನಮ್ಮನ್ನು. ಕೊನೆಯ ಕಂತು ಮೀಟರ್ ಬಂದ ಮೇಲೆ ಕೊಡ್ತೀವಿ ಅಂತಾರೆ. ಸಂಘದಿಂದ ಮೂರು ಮನವಿ ಪತ್ರ ಕೊಟ್ಟೆವು, ಮೂರು ಫೋಟೋ ತೆಗೆಸಿಕೊಂಡೆವು. ಅದಕ್ಕಿಂತ ಜಾಸ್ತಿ ಬರೆಯಲು ಏನೂ ಇಲ್ಲ.

ಇವತ್ತಿನ ವಿಷಯ ಬೇರೆ. ನಮ್ಮ ಸದಸ್ಯರೊಬ್ಬರು ಮಾಡಿಕೊಟ್ಟ ವೈರಿಂಗ್, ಎರಡಂತಸ್ತಿನ ಮನೆ. ಪೆಟ್ಟಿಗೆ ಒಯ್ದಿದ್ದೆವು. ಓದಿದರೆ 68 ಓಮ್. ಮತ್ತೆ ಓದಿದೆವು, 67. ಗುಂಡಿ ಅಗೆದು ನೋಡಿದರೆ ಮೂರಡಿಯ ರಾಡು, ಅದರ ಸುತ್ತ ಸಿಮೆಂಟಿನ ಪುಡಿಕಲ್ಲು. ಮೇಲೆ ಮಾತ್ರ ಚಂದದ ಮುಚ್ಚಳ. ಗಾರೆಯವರ ಕೈಗೆ ಗುಂಡಿ ಬಿಟ್ಟರೆ ಹೀಗೇ ಆಗುವುದು.

ಮನೆ ಯಜಮಾನರು ಮೇಷ್ಟ್ರು. "68 ಅಂದ್ರೆ ಏನು, ಫೇಲಾ?" ಅಂದರು. ಅವರಿಗೆ ಲೆಕ್ಕ ಹಾಕಿ ತೋರಿಸಿದೆವು. ಗೀಸರಿನ ಒಳಗೆ ಫೇಸ್ ವೈರು ಬಾಡಿಗೆ ತಾಗಿತು ಎಂದುಕೊಳ್ಳಿ. 230ನ್ನು 68ರಿಂದ ಭಾಗಿಸಿದರೆ 3.4 ಆಂಪ್ಸ್. ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚಿಗೆ ಅದು ಗೀಸರ್ ಓಡುವಾಗಿನ ಕರೆಂಟಿನಷ್ಟೂ ಅಲ್ಲ, ಸುಮ್ಮನೆ ಕೂತಿರುತ್ತದೆ. ಗೀಸರಿನ ಮೈ ಮಾತ್ರ ಕರೆಂಟು ಹೊತ್ತು ನಿಂತಿರುತ್ತದೆ, ಒದ್ದೆ ಕೈಗೆ ಕಾಯುತ್ತಾ.

ಮೇಷ್ಟ್ರು ಪೆನ್ನು ತೆಗೆದರು. "10 ಓಮ್ ಮಾಡಿಸಿದರೆ?" 23 ಆಂಪ್ಸ್. 32 ಆಂಪ್ಸ್ ಮೇನ್ ಜಪ್ಪಯ್ಯ ಅಂದರೂ ಬೀಳಲ್ಲ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರದ ಅರ್ಥಿನ ಓಮ್ ಸೇರಿಸಿದರೆ ಆ 23 ಕೂಡ ಇರಲ್ಲ. ಅವರು ನನ್ನ ಮುಖ ನೋಡಿದರು. ನಾನು ಸದಸ್ಯರ ಮುಖ ನೋಡಿದೆ. ಇಷ್ಟು ವರ್ಷ ಅರ್ಥ್ ಗುಂಡಿ ಒಂದಿದ್ದರೆ ಸಾಕು ಎಂದು ಜನಕ್ಕೆ ಧೈರ್ಯ ಹೇಳಿದವರು ನಾವೇ.

ಅದಕ್ಕೇ 30 ಮಿಲಿಆಂಪಿನ ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು ಬೇಕು. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ, 30 ಮಿಲಿಆಂಪಿನಷ್ಟು ವ್ಯತ್ಯಾಸ ಬರುವುದರೊಳಗೆ ಬೀಳುತ್ತದೆ. 68 ಓಮಿನ ಕೆಟ್ಟ ಅರ್ಥ್ ಇದ್ದರೂ ಬೀಳುತ್ತದೆ. ಹಾಗಂತ ಗುಂಡಿ ಬಿಡಲಿಲ್ಲ. 40 ಎಂಎಂ ಜಿಐ ಪೈಪು, ಎರಡೂವರೆ ಮೀಟರ್, ಇದ್ದಿಲು, ಉಪ್ಪು, ನೀರು ಹೊಯ್ಯಲು ಆಲಿಕೆ. ಮೊದಲನೆಯದರಿಂದ ಎರಡೂವರೆ ಮೀಟರಿಗಿಂತ ದೂರ ಇನ್ನೊಂದು ಪೈಪು. ಎರಡನ್ನೂ ಜೋಡಿಸಿ ಅಳೆದರೆ 14.

ರಿಪೋರ್ಟಿನಲ್ಲಿ 14 ಎಂದೇ ಬರೆದೆವು. ಸದಸ್ಯರ ಕೈ ಒಂದು ಕ್ಷಣ ತಡೆಯಿತು.

ಮೇ 11

ತಿಂಗಳ ಸಭೆ ಜಗಳವಾಯಿತು. "ನೀನು 14 ಬರೀ, ಪಕ್ಕದವನು 1 ಬರೀತಾನೆ. ನಾಳೆ ಮನೆಯವರು ಯಾರನ್ನ ಕರೀತಾರೆ ಹೇಳು?" ಎಂದು ಹಿರಿಯರು ಕೇಳಿದರು. ಅವರಿಗೆ 64 ವರ್ಷ, ಊರಿನ ಅರ್ಧ ಅಡಿಕೆ ಮಂಡಿಗಳ ವೈರಿಂಗ್ ಅವರದ್ದೇ. ಪ್ರಶ್ನೆ ಸುಳ್ಳಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಣ್ಣ, ಒಂದು ಸಲ ನಿಮ್ಮ ಮಂಡಿಯದ್ದು ಅಳೆಯೋಣ, ಪುಸ್ತಕದಲ್ಲಿ ಬರೆಯೋದು ಬೇಡ" ಅಂದೆ. ಟೀ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಅವರೇ ಮೆಟ್ಟಿಲಿಳಿದರು. ಎಷ್ಟು ಬಂತು ಅಂತ ಇವತ್ತಿಗೂ ಹೇಳಿಲ್ಲ. ಆ ವಾರ ಅವರ ಕಡೆಯ ಹುಡುಗರು ಎಂಟು ಮೂಟೆ ಇದ್ದಿಲು ತರಿಸಿದರಂತೆ.

ಜುಲೈ 6

ಸ್ಮಾರ್ಟ್ ಮೀಟರ್ ಬಗ್ಗೆ ಭಾನುವಾರದ ತರಗತಿ. 26 ಜನ ಬಂದರು, ಅರ್ಧ ಜನ ರೇಟಿನ ಬಗ್ಗೆಯೇ ಮಾತಾಡಿದರು. ಸಿಂಗಲ್ ಫೇಸಿಗೆ ಐದು ಸಾವಿರದ ಹತ್ತಿರ ಅಂದರೆ ಮನೆಯವರಿಗೆ ಹೇಳುವುದೇ ಕಷ್ಟ, ನಾವೇ ಹಣ ಹೊಡೆದೆವು ಅಂದುಕೊಳ್ಳುತ್ತಾರೆ.

ಮಳೆ ಬಿದ್ದ ಮೇಲೆ ಮೇಷ್ಟ್ರ ಮನೆ ಮತ್ತೆ ಅಳೆದೆ. 9 ಓಮ್. ನೆಲ ನೆನೆದರೆ ಓಮ್ ಇಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಅಳೆಯಬೇಕಾದದ್ದು ಏಪ್ರಿಲಿನಲ್ಲಿ. ಮಳೆಗಾಲದಲ್ಲಿ ಅಳೆದು ಬೀಗಿದರೆ ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ನೋಡಿದ ಹಾಗೆ. ಪುಸ್ತಕದಲ್ಲಿ ತಿಂಗಳಿಗೂ ಒಂದು ಕಾಲಂ ಹಾಕಿದೆ.

ಆಗಸ್ಟ್ 30

27ರಂದು ಗಣೇಶ ಚೌತಿ. ಪ್ರತಿವರ್ಷ ಎಲ್ಲೋ ಒಂದು ಕಡೆ ಪೆಂಡಾಲಿನಲ್ಲಿ ಶಾಕ್ ಹೊಡೆದ ಸುದ್ದಿ ಓದುತ್ತೇವೆ. ಈ ಸಲ ಸಂಘದಿಂದ ಆರು ಬೋರ್ಡು ಮಾಡಿದೆವು. ಮರದ ಹಲಗೆ, ಅದರ ಮೇಲೆ ಆರ್‌ಸಿಸಿಬಿ, ಎರಡು ಎಂಸಿಬಿ, ನಾಲ್ಕು ಸಾಕೆಟ್ಟು. ಬಾಡಿಗೆ ಇಲ್ಲ, ಕಳೆದರೆ ದುಡ್ಡು.

ಹುಡುಗರು ಮೊದಲು ಮೂಗು ಮುರಿದರು. "ಅಣ್ಣ, ಐದು ದಿನಕ್ಕೆ ಇಷ್ಟೆಲ್ಲಾ ಯಾಕೆ?" ಅವರ ವೈರಿಂಗ್ ನೋಡಿದರೆ ಮೈ ಜುಮ್ಮೆನ್ನುತ್ತದೆ: ಕಬ್ಬಿಣದ ಕಂಬಕ್ಕೆ ಸುತ್ತಿದ ಒಂಟಿ ವೈರು, ಟೇಪಿಲ್ಲದ ಗಂಟು, ಸಾಕೆಟ್ಟಿಗೆ ಪಿನ್ನೇ ಇಲ್ಲದೆ ಬೆಂಕಿಕಡ್ಡಿ ಸಿಗಿಸಿದ ತುದಿ.

ನಿನ್ನೆ ರಾತ್ರಿ 11 ಗಂಟೆಗೆ ಫೋನು. "ನಿಮ್ಮ ಬೋರ್ಡು ಸರಿಯಿಲ್ಲ, ನಿಮಿಷಕ್ಕೊಂದು ಸಲ ಬೀಳ್ತಿದೆ. ಅದನ್ನ ಬಿಟ್ಟು ಡೈರೆಕ್ಟ್ ಕೊಡ್ತೀವಿ." ಕೈ ಮುಗಿದು, ಹತ್ತು ನಿಮಿಷ ಕಾಯ್ರಪ್ಪಾ ಅಂದು ಓಡಿದೆ. ಸಂಜೆ ಒಂದು ಹದ ಮಳೆಯಾಗಿತ್ತು. ಒಂದೊಂದೇ ಸಾಕೆಟ್ಟು ಬಿಚ್ಚಿದೆವು. ಮೂರನೆಯದು ತೆಗೆದಾಗ ಬೀಳುವುದು ನಿಂತಿತು. ಆ ವೈರು ಹಿಡಿದು ಹೋದರೆ ಕಬ್ಬಿಣದ ಕಮಾನಿನ ಕಾಲು ಸೀರಿಯಲ್ ಸೆಟ್ಟಿನ ವೈರಿನ ಮೇಲೆ ಕೂತಿತ್ತು. ಪ್ಲಾಸ್ಟಿಕ್ ಸೀಳಿ ತಾಮ್ರ ಕೆಂಪಗೆ ಕಾಣುತ್ತಿತ್ತು. ಆ ಕಮಾನಿನ ಕೆಳಗೇ ಮಕ್ಕಳು ಪ್ರಸಾದಕ್ಕೆ ಸಾಲು ನಿಂತಿದ್ದರು.

ಫೋನ್ ಮಾಡಿದ್ದ ಹುಡುಗ ಏನೂ ಮಾತಾಡಲಿಲ್ಲ. ಒಂದು ದೊಡ್ಡ ದೊನ್ನೆ ಪುಳಿಯೋಗರೆ ತಂದು ಕೊಟ್ಟ.

ಅಕ್ಟೋಬರ್ 5

ಆಯುಧಪೂಜೆ ಚೆನ್ನಾಗಾಯಿತು. ಜನವರಿಯಲ್ಲಿ ಕೇಳಿದ್ದರಲ್ಲ, ಪೂಜೆನಾ ಅಂತ? ಹೌದು, ಪೆಟ್ಟಿಗೆಗೂ ಪೂಜೆ. ಯಾರೋ ಭಕ್ತಿ ಜಾಸ್ತಿಯಾಗಿ ಟರ್ಮಿನಲ್ಲಿಗೇ ಕುಂಕುಮ ಮೆತ್ತಿದ್ದಾರೆ. ಇವತ್ತು ರೀಡಿಂಗ್ ಕುಣಿಯುತ್ತಿತ್ತು. ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದ ಮೇಲೆ ಸರಿಹೋಯಿತು.

ಈಚೆಗೆ 1200 ಚದರ ಅಡಿಯೊಳಗಿನ ನಿವೇಶನದ ಮನೆಗಳಿಗೆ ಒಸಿ ವಿನಾಯಿತಿ ಎಂಬ ಸುದ್ದಿ ಬೆಂಗಳೂರಿನಿಂದ ಬಂತು. ಬಾಕಿ ಬಿದ್ದ ಫೈಲುಗಳ ಧೂಳು ಕೊಡವಿ ಎಣಿಸುತ್ತಿದ್ದೇವೆ.

ನವೆಂಬರ್ 16

ಕಾರ್ಮಿಕ ಕಾರ್ಡಿನ ಶಿಬಿರ. ವೈರಿಂಗ್ ಮಾಡುವ ಹುಡುಗರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಬಹುದು, 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. 90 ದಿನ ನನ್ನ ಹತ್ತಿರ ದುಡಿದ ಎಂದು ಸಹಿ ಹಾಕಲು ಕೆಲವು ಸದಸ್ಯರಿಗೆ ಭಯ, ನಾಳೆ ಪಿಎಫ್ ಕೇಳಿದರೆ ಅಂತ. ಸುಳ್ಳು ಓಮಿಗೆ ಕಣ್ಣುಮುಚ್ಚಿ ಸಹಿ ಹಾಕಿದ ಕೈಗಳು ನಿಜವಾದ ದುಡಿಮೆಗೆ ಸಹಿ ಹಾಕಲು ನಡುಗುತ್ತವೆ. ಜೋರಾಗಿ ಹೇಳಿಬಿಟ್ಟೆ, ಇಬ್ಬರು ಮಾತು ಬಿಟ್ಟಿದ್ದಾರೆ.

ಮಧ್ಯಾಹ್ನ ಸೋಲಾರ್ ಪಾಠ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇರುವುದರಿಂದ ಕೇಳುವವರು ಹೆಚ್ಚಿದ್ದಾರೆ. ಡಿಸಿ ಕಡೆಯ ಕರೆಂಟು ಎಸಿ ಹಾಗಲ್ಲ, ಕಿಡಿ ಹತ್ತಿದರೆ ಸುಲಭಕ್ಕೆ ಆರುವುದಿಲ್ಲ. ಹಳೆಯ ಎಸಿ ಎಂಸಿಬಿಯನ್ನೇ ಅಲ್ಲಿ ಹಾಕಿದ್ದ ಒಬ್ಬರು ಪಾಠ ಮುಗಿಯುವ ಮುಂಚೆಯೇ ಎದ್ದು ಬೈಕ್ ಹತ್ತಿದರು.

ಡಿಸೆಂಬರ್ 27

ಲೆಕ್ಕ ಬರೆಯಲು ಕೂತೆ. ತಾಮ್ರದ ದರ ಏರಿ 90 ಮೀಟರಿನ ವೈರ್ ಸುರುಳಿಗೆ ಕೊಟ್ಟ ಕೊಟೇಶನ್ ವಾರ ಬಾಳುತ್ತಿಲ್ಲ, ಚಂದಾ ಬಾಕಿ ಒಂಬತ್ತು ಜನರದ್ದು. ಪುಸ್ತಕ ಮಾತ್ರ ಮುಗಿದು ಎರಡನೆಯದು ಕಟ್ಟಿದ್ದೇವೆ.

ಎಲ್ಲರ ಮನೆಯೂ ಅಳೆದೆ, ನಮ್ಮದು ಬಿಟ್ಟು. ಇವತ್ತು ಹೆಂಡತಿ ಕೇಳಿಯೇಬಿಟ್ಟಳು. ಮೊಳೆ ಹೊಡೆಯಲು ಅವಳೇ ಬಂದಳು, ದೂರದ್ದು ಪಕ್ಕದ ಸೈಟಿನಲ್ಲಿ. 41 ಓಮ್. ನಡುವಿನ ಮೊಳೆ ಸರಿಸಿದೆ, 41. ಇನ್ನೊಮ್ಮೆ, 42. ಟ್ರಂಕಿನಿಂದ 2006ರ ರಿಪೋರ್ಟಿನ ಕಾರ್ಬನ್ ಪ್ರತಿ ಹುಡುಕಿ ತೆಗೆದೆ. ನನ್ನದೇ ದುಂಡು ಅಕ್ಷರ, ಅರ್ಥ್: 1.0 ಓಮ್.

ನಾಳೆ ಬೆಳಗ್ಗೆ ಗುಂಡಿ ತೋಡುವವರು ಬರುತ್ತಾರೆ. ಪೆಟ್ಟಿಗೆಯನ್ನು ಸಂಜೆಯೊಳಗೆ ವಾಪಸ್ ಇಡಬೇಕು, ಸೋಮವಾರಕ್ಕೆ ಹಿರಿಯರು ಹೆಸರು ಬರೆದಿದ್ದಾರೆ.