ರೊಟ್ಟಿ ಹಬ್ಬಕ್ಕೆ ಹೋದವರು ಕೆಲಸ ಬಿಟ್ಟವರಲ್ಲ

ಬಿಳಿಗಿರಿ ಬೆಟ್ಟದ ಸೋಲಿಗ ಬುಡಕಟ್ಟಿನ ಹುಡುಗರನ್ನು ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿಸುವುದು ನನ್ನ ಕೆಲಸ. ಒಂದು ದಿನ ಪೀಣ್ಯದ ಒಂದು ಕಾರ್ಖಾನೆಯಿಂದ ಬೆಳಿಗ್ಗೆಯೇ ಎಚ್‌ಆರ್ ಫೋನ್ ಬಂತು. "ನಿಮ್ಮ ಬಿಳಿಗಿರಿ ಬೆಟ್ಟದ ಬ್ಯಾಚ್ ಒಬ್ಬರೂ ಶಿಫ್ಟಿಗೆ ಬಂದಿಲ್ಲ ಮೇಡಂ. ಅಬ್ಸ್‌ಕಾಂಡಿಂಗ್ ಲೆಟರ್ ಟೈಪ್ ಆಗ್ತಿದೆ."

ನಾನು ಹೋಗುವಷ್ಟರಲ್ಲಿ, ಹೇಳದೆ ಕೆಲಸ ಬಿಟ್ಟರು ಎನ್ನುವ ಆ ಲೆಟರ್‌ಗಳು ಮೇಜಿನ ಮೇಲಿದ್ದವು, ಸೀಲ್ ಒತ್ತುವುದೊಂದೇ ಬಾಕಿ. ಹುಡುಗರ ಫೋನ್ ಒಂದೂ ಸಿಗುತ್ತಿಲ್ಲ. ಲೈನ್ ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಟಾರ್ಗೆಟ್ ಬಗ್ಗೆ ಕೂಗಾಡುತ್ತಿದ್ದರು. ಊರುಗಳಿಂದ ಹುಡುಗರನ್ನು ಒಟ್ಟುಮಾಡಿ ಕರೆತರುವ ನಮ್ಮ ಮೊಬಿಲೈಸರ್ ಸ್ವತಃ ಸೋಲಿಗರು. ಅವರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ.

"ರೊಟ್ಟಿ ಹಬ್ಬ ಮೇಡಂ. ಹೊಸ ರಾಗಿ ಮೊದ್ಲು ದೇವ್ರಿಗೆ. ಕುಲದೋರೆಲ್ಲ ಇರ್ಬೇಕು. ಮುಗಿಸ್ಕಂಡು ಬತ್ತಾರೆ."

"ರಜೆ ಕೇಳಬಹುದಿತ್ತಲ್ಲ?" ಎಂದರು ಎಚ್‌ಆರ್.

ಕೂಗಾಡುತ್ತಿದ್ದ ಸೂಪರ್‌ವೈಸರ್ ದನಿ ಇಳಿಯಿತು. "ಕೇಳಿದ್ರು ಸರ್. ಲಿಸ್ಟಲ್ಲಿಲ್ಲದ ಹಬ್ಬ ಅಂತ ನಾನೇ ಆಗಲ್ಲ ಅಂದೆ."

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಲೆಟರ್‌ಗಳು ಡ್ರಾಯರ್ ಸೇರಿದವು. ಹಬ್ಬ ಮುಗಿಸಿ ಹುಡುಗರು ಬಂದರು, ಪಂಚ್ ಮಾಡಿ ಮೆಷಿನ್ ಮುಂದೆ ನಿಂತರು.

1963ರ ರಾಜ್ಯ ಕಾಯ್ದೆಯಂತೆ ರಾಷ್ಟ್ರೀಯ ರಜೆಗಳ ಜೊತೆ ಐದು ಹಬ್ಬದ ರಜೆ ಕೊಡಬೇಕು. ಆ ಐದನ್ನು ಆರಿಸುವಾಗ ಬೆಟ್ಟದ ಹುಡುಗರನ್ನು ಕೇಳುವವರಿಲ್ಲ. ಈಗ ನಾವು ಜಾಯಿನಿಂಗ್‌ಗೆ ಮೊದಲೇ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಹೋಗಿ ಯಜಮಾನರ ಜೊತೆ ಕೂತು ಹಬ್ಬದ ದಿನ ಬರೆದುಕೊಂಡು ಬರುತ್ತೇವೆ. ಅದು ಎಚ್‌ಆರ್ ರೋಸ್ಟರ್‌ಗೆ ಹೋಗುತ್ತದೆ. ಬದಲಿಗೆ ನಮ್ಮ ಹುಡುಗರು ಯುಗಾದಿಗೆ ಶಿಫ್ಟ್ ಮಾಡುತ್ತಾರೆ. ಒಂದೇ ಪೋಡಿನವರನ್ನು ಒಂದೇ ರೂಮು, ಒಂದೇ ಶಿಫ್ಟಿಗೆ ಹಾಕಿಸುತ್ತೇವೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಕಂಪನಿಗೆ ಹಂಚಿದರೆ ಯಾರೂ ನಿಲ್ಲುವುದಿಲ್ಲ.

ಇನ್ನು ಜೇನಿನ ಕಾಲ. ಏಪ್ರಿಲ್‌ನಿಂದ ಜೂನ್‌ವರೆಗೆ ಹೆಜ್ಜೇನು ಕೊಯ್ಯಲು ಹುಡುಗರು ಊರಿಗೆ ಹೋಗುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿದೆ. ಜೇನು, ನೆಲ್ಲಿಕಾಯಿ, ಪಾಚಿ ಕೊಯ್ದು ಬುಡಕಟ್ಟಿನವರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹಾಕುವುದೂ ದುಡಿಮೆಯೇ. ಆ ತಿಂಗಳುಗಳಲ್ಲಿ ಊರಲ್ಲಿ ದುಡಿಯುವವನನ್ನು ನಿರುದ್ಯೋಗಿ ಎಂದು ಬರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ನಮ್ಮ ಪೋರ್ಟಲ್‌ನಲ್ಲಿ ಮಾತ್ರ ಇರುವುದು ಎರಡೇ ಆಯ್ಕೆ: ಪ್ಲೇಸ್ಡ್, ಇಲ್ಲವೇ ಡ್ರಾಪ್‌ಔಟ್. ಊರಿಗೆ ಹೋಗಿ ಬರುವವನನ್ನು ಡ್ರಾಪ್‌ಔಟ್ ಎಂದು ಹಾಕಿದರೆ ರಿಟೆನ್ಶನ್, ಅಂದರೆ ಕೆಲಸದಲ್ಲಿ ಉಳಿದವರ ಪ್ರಮಾಣ, ಬೀಳುತ್ತದೆ, ಮುಂದಿನ ಬ್ಯಾಚ್‌ಗೆ ಬೆಟ್ಟದವರು ಬೇಡ ಎಂದು ಮ್ಯಾನೇಜ್‌ಮೆಂಟ್ ಹೇಳುತ್ತದೆ. 'ಸೀಸನಲ್ ರಜೆ' ಎಂಬ ಮೂರನೇ ಕಾಲಂ ಕೇಳಿ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ, ಮುಂದಿನ ರಿವ್ಯೂನಲ್ಲಿ ಮತ್ತೆ ಕೇಳುತ್ತೇನೆ.