ಕೊಯ್ಲಿನ ಹೆಗಲಿಗೆ ಎಳ್ಳೆಣ್ಣೆ

ಕಾಫಿ ಕೊಯ್ಲು ಶುರುವಾಗಿ ಎರಡನೇ ವಾರಕ್ಕೆಲ್ಲ ತೋಟದ ಮನೆಯಲ್ಲೂ ಕಾರ್ಮಿಕರ ಲೈನ್ ಮನೆಯಲ್ಲೂ ಒಂದೇ ದೂರು: ಕತ್ತು ತಿರುಗುತ್ತಿಲ್ಲ, ಹೆಗಲು ಕಲ್ಲಾಗಿದೆ. ಕಾರಣ ಗಿಡದ ಬುಡದಲ್ಲೇ ನಿಂತು ನೋಡಿದರೆ ಕಾಣುತ್ತದೆ. ಎಡಗೈ ಕೊಂಬೆಯನ್ನು ಬಗ್ಗಿಸಿ ಹಿಡಿದಿರುತ್ತದೆ, ಬಲಗೈ ಹಣ್ಣು ಬಿಡಿಸುತ್ತದೆ, ಮುಖ ಮೇಲಕ್ಕೆ ಎತ್ತಿರುತ್ತದೆ. ಸೊಂಟಕ್ಕೆ ಕಟ್ಟಿದ ಚೀಲ ತುಂಬುತ್ತಾ ಹೋದಂತೆ ನಡು ಹಿಂದಕ್ಕೆ ಬಾಗುತ್ತದೆ. ಅರೇಬಿಕಾ ಜಾತಿಯ ಕಾಫಿ ಗಿಡವನ್ನು ತುದಿ ಚಿವುಟಿ ಕುಳ್ಳಗೆ ನಿಲ್ಲಿಸಿರುವುದರಿಂದ ಅಲ್ಲಿ ಅಷ್ಟು ಕಷ್ಟವಿಲ್ಲ. ಜನವರಿ ನಂತರ ಇನ್ನೊಂದು ಜಾತಿಯಾದ ರೊಬಸ್ಟಾ ಕೊಯ್ಲು ಶುರುವಾದಾಗ ಕೈ ಗಂಟೆಗಟ್ಟಲೆ ತಲೆಗಿಂತ ಮೇಲೆಯೇ. ಬಿಗಿದು ಹಿಡಿದ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಹೊತ್ತು ಮುಳುಗುವಾಗ ಹೆಗಲಿನ ಮೇಲ್ಭಾಗ ಹಗ್ಗದ ಹುರಿಯ ಹಾಗೆ ಕೈಗೆ ಸಿಗುತ್ತದೆ.

ಆಗ ಹೆಗಲು ಒತ್ತಿಸಿಕೊಳ್ಳುವಾಗ ಎಲ್ಲರೂ ಮಾಡುವ ತಪ್ಪು ಒಂದೇ. "ಇನ್ನೂ ಜೋರಾಗಿ ಒತ್ತು ಅಕ್ಕಾ" ಎನ್ನುತ್ತಾರೆ. ಜೋರಾಗಿ ಒತ್ತಿದಷ್ಟೂ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ಮಾರನೆಯ ದಿನ ನೋವಿನ ಜೊತೆಗೆ ಮುಟ್ಟಿದರೆ ಉರಿಯೂ ಸೇರುತ್ತದೆ. ಸಡಿಲಿಸುವುದು ಬಿಸಿ ಮತ್ತು ನಿಧಾನ. ಬಲದ ಪಾತ್ರ ತೀರಾ ಕಡಿಮೆ.

ಎಣ್ಣೆಯಿಂದಲೇ ಹೇಳುತ್ತೇನೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಸಂಜೆಯ ಮಡಿಕೇರಿಯಲ್ಲಿ ಅದು ಬಾಟಲಿಯಲ್ಲೇ ಬೆಣ್ಣೆ. ಹಚ್ಚಿದ ಮೇಲೂ ತಣ್ಣಗಿನ ಚರ್ಮದ ಮೇಲೆ ಅಂಟುತ್ತದೆ, ಕೈ ಜಾರುವುದಿಲ್ಲ, ಉಜ್ಜಿದಲ್ಲಿ ಕೂದಲು ಕಿತ್ತಂತಾಗುತ್ತದೆ. ಚಳಿಗಾಲಕ್ಕೆ ಎಳ್ಳೆಣ್ಣೆಯೇ ಸರಿ. ಕತ್ತು, ಹೆಗಲು, ಬೆನ್ನಿಗೆ 25 ರಿಂದ 30 ಮಿಲಿಲೀಟರ್, ಅಂದರೆ ದೊಡ್ಡ ಚಮಚದಲ್ಲಿ ಎರಡು, ಸಾಕು. ನೇರವಾಗಿ ಒಲೆಯ ಮೇಲಿಡಬೇಡಿ. ಎಣ್ಣೆ ನೀರಿನ ಹಾಗೆ ಕುದಿದು ಎಚ್ಚರಿಸುವುದಿಲ್ಲ, ಎಷ್ಟು ಕಾದಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ. ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಆ ಬಟ್ಟಲನ್ನು ಹಂಡೆಯಿಂದ ತೋಡಿದ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ. ಹಿತವಾಗಿ ಬೆಚ್ಚಗಿರಬೇಕು, ಚುರುಕ್ ಎನ್ನಬಾರದು.

ಕೂರಿಸುವ ಕ್ರಮಕ್ಕೂ ಬೆಲೆಯಿದೆ. ಕುರ್ಚಿಯಲ್ಲಿ ಕೂರಿಸಿ, ಮುಂದೆ ಮೇಜಿನ ಮೇಲೆ ದಿಂಬಿಟ್ಟು, ಮಡಚಿದ ಕೈಗಳ ಮೇಲೆ ಹಣೆ ಒರಗಿಸಲು ಹೇಳಿ. ತಲೆಯ ಭಾರ ಕತ್ತಿನ ಮೇಲೆ ಇರುವವರೆಗೆ ಕತ್ತಿನ ಸ್ನಾಯು ಸಡಿಲವಾಗುವುದೇ ಇಲ್ಲ. ಮೊದಲು ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲನ್ನು ಹೆಗಲ ಮೇಲೆ 10 ನಿಮಿಷ ಹೊದಿಸಿ. ಆಮೇಲೆ ಎಣ್ಣೆ ಹಚ್ಚಿ, ತಲೆಬುರುಡೆಯ ಬುಡದಿಂದ ಹೆಗಲ ತುದಿಯವರೆಗೆ ಇಡೀ ಅಂಗೈಯಿಂದ ಮೂರು ನಿಮಿಷ ನೀವಿ. ಇದು ಬರೀ ಸಿದ್ಧತೆ, ಆದರೆ ಬಿಡುವಂತಿಲ್ಲ.

ಈಗ ಗಂಟು ಹುಡುಕಿ. ಹೆಗಲ ಮೂಳೆಯ ಹಲಗೆಗೆ ಬೆನ್ನುಮೂಳೆಯ ಕಡೆ ಒಂದು ಮೇಲ್ಮೂಲೆ ಇದೆ. ಕತ್ತಿನಿಂದ ಇಳಿದು ಬರುವ ಸ್ನಾಯು ಅಲ್ಲೇ ಅಂಟಿಕೊಳ್ಳುತ್ತದೆ, ಕೊಯ್ಲಿನವರ ನೋವು ನೂರಕ್ಕೆ ನೂರು ಅಲ್ಲಲ್ಲದಿದ್ದರೂ ಹೆಚ್ಚಾಗಿ ಅಲ್ಲೇ. ಹೆಬ್ಬೆರಳನ್ನು ಅದರ ಮೇಲಿಟ್ಟು, ತೋಳಿನ ಬಲದಿಂದಲ್ಲದೆ ನಿಮ್ಮ ಮೈಯ ಭಾರದಿಂದ ನಿಧಾನವಾಗಿ ಒರಗಿ, 20 ರಿಂದ 30 ಸೆಕೆಂಡ್ ಹಾಗೇ ಹಿಡಿಯಿರಿ. ಉಜ್ಜಬೇಡಿ. ಅವರ ಉಸಿರು ಗಮನಿಸಿ: ಉಸಿರು ಬಿಗಿಹಿಡಿದರೆ ಒತ್ತಡ ಹೆಚ್ಚಾಯಿತು ಎಂದೇ ಅರ್ಥ. ಸರಿಯಾಗಿ ಒತ್ತಿದ್ದರೆ ಬೆರಳ ಕೆಳಗೆ ಏನೋ ಕರಗಿದಂತೆ ಆಗುತ್ತದೆ. ಒಂದು ಕಡೆಗೆ ಇಂಥ ಮೂರು ಒತ್ತು, ಅಲ್ಲಿಗೆ ನಿಲ್ಲಿಸಿ. ಕತ್ತಿನ ಮುಂಭಾಗ ಮತ್ತು ಪಕ್ಕದಲ್ಲಿ ಮಿದುಳಿಗೆ ಹೋಗುವ ರಕ್ತನಾಳಗಳಿವೆ, ಅಲ್ಲಿ ಒತ್ತಲೇಬೇಡಿ. ಬೆನ್ನುಮೂಳೆಯ ಮೇಲೂ ಬೇಡ. ಅದರಿಂದ ಒಂದು ಬೆರಳು ಆಚೆ.

ಇನ್ನು ಕತ್ತಿನ ನೆಟಿಗೆ ತೆಗೆಸುವುದು. ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಎರಡೂ ಕಡೆ ಫಟ್ ಎನಿಸುತ್ತಾರೆ, ಹಾಯೆನಿಸುತ್ತದೆ ಎಂದು ಜನ ಕೇಳಿ ಮಾಡಿಸಿಕೊಳ್ಳುತ್ತಾರೆ. ಕತ್ತಿನ ಮೂಳೆಗಳ ಒಳಗಿನಿಂದಲೇ ಎರಡು ರಕ್ತನಾಳ ಮಿದುಳಿಗೆ ಏರುತ್ತವೆ. ಥಟ್ಟನೆ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ನಿಜ. ಆದರೆ ಆಗುವುದು ಗಟ್ಟಿಮುಟ್ಟಾದ ವಯಸ್ಸಿನವರಿಗೂ. ದಯವಿಟ್ಟು ಬೇಡ ಎನ್ನಿ.

ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಸೀಗೆಕಾಯಿಯಲ್ಲೋ ಕಡಲೆಹಿಟ್ಟಿನಲ್ಲೋ ಸ್ನಾನ. ಬಚ್ಚಲಿಗೆ ಹೋಗುವ ಮೊದಲು ಅಂಗಾಲು ಒರೆಸಿಕೊಳ್ಳಿ. ಒದ್ದೆ ಕಲ್ಲಿನ ಮೇಲೆ ಎಣ್ಣೆಗಾಲು ಜಾರಿ ಸೊಂಟ ಮುರಿದುಕೊಂಡರೆ ಯಾವ ಎಣ್ಣೆಯೂ ಕೂಡಿಸುವುದಿಲ್ಲ.

ಮಸಾಜ್ ಮಾಡಬಾರದ ಹೊತ್ತೂ ಇದೆ, ಕೊಡಗಿನವರು ಒಂದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಗದ್ದೆ ಕೆಸರಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದು, ಮೀನಖಂಡ ಮುಟ್ಟಲಾರದಷ್ಟು ನೋಯುತ್ತಿದ್ದು, ಕಣ್ಣು ಕೆಂಪಾಗಿದ್ದರೆ ಅದು ಇಲಿ ಜ್ವರ ಇರಬಹುದು. ಕಾಲು ನೀವುತ್ತಾ ಎರಡು ದಿನ ಕಳೆದರೆ ಮೂತ್ರಪಿಂಡಕ್ಕೆ ಪೆಟ್ಟು. ಅಂದೇ ಆಸ್ಪತ್ರೆ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೂ ಉಜ್ಜಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ವಾರ ಕಳೆದರೂ ಕತ್ತು ಬಿಡದಿದ್ದರೆ ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚುವ ಚಿಕಿತ್ಸೆ, ಯೋಚಿಸಬಹುದು. ಕೇಂದ್ರ ಸರ್ಕಾರ 2019 ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿದೆ. ಸೂಜಿ ಸುಮಾರು ಕಾಲು ಮಿಲಿಮೀಟರ್ ದಪ್ಪ, ಇಂಜೆಕ್ಷನ್ ಸೂಜಿಗಿಂತ ಬಹಳ ಸಣ್ಣ. ಚುಚ್ಚಿ 20 ರಿಂದ 30 ನಿಮಿಷ ಬಿಡುತ್ತಾರೆ. ಮಂದವಾದ ಭಾರ ಅನಿಸುವುದು ಸಹಜ, ಕರೆಂಟ್ ಹೊಡೆದಂತೆ ಆದರೆ ತಕ್ಷಣ ಹೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮೊದಲ ಸಲ ಮಲಗಿಯೇ ಹಾಕಿಸಿಕೊಳ್ಳಿ, ತಲೆ ಸುತ್ತುವುದುಂಟು. ಒಮ್ಮೆ ಬಳಸಿ ಎಸೆಯುವ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಹೆಗಲ ಮೇಲ್ಭಾಗದ ಕೆಳಗೆ ಶ್ವಾಸಕೋಶದ ತುದಿ ಇದೆ. ಅಲ್ಲಿ ಆಳವಾಗಿ ಚುಚ್ಚಿಸಿಕೊಂಡ ಮೇಲೆ, ಕೆಲವು ಗಂಟೆ ಕಳೆದೇ ಆಗಲಿ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ ಕಾಯಬೇಡಿ. ಐದಾರು ಸಲ ಹೋದರೂ ಏನೂ ಬದಲಾಗದಿದ್ದರೆ ನಿಲ್ಲಿಸುವುದೇ ಲೇಸು.

ಸೂಜಿಯಿಲ್ಲದೆ ಬೆರಳಿನಿಂದಲೇ ಬಳಸಬಹುದಾದ ಒಂದು ಬಿಂದು ಸಂಪಾಜೆ ಘಾಟಿಯಲ್ಲಿ ವಾಂತಿ ಬರುವವರಿಗೆ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಒಳಗೈಯ ಎರಡು ನರಗಟ್ಟುಗಳ ನಡುವೆ. ಮಡಿಕೇರಿ ಬಿಡುವಾಗಲೇ ಎರಡು ಮೂರು ನಿಮಿಷ ಒತ್ತಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಒತ್ತಿದರೆ ತಡವಾಯಿತು. ಎಲ್ಲರಿಗೂ ನಾಟುವುದಿಲ್ಲ, ನಾಟಿದವರಿಗೆ ಮಾತ್ರೆ ಉಳಿಯುತ್ತದೆ.

ಆದರೆ ಸಂಜೆಯ ಎಣ್ಣೆಗಿಂತ ಹಗಲಿನ ಅಭ್ಯಾಸ ದೊಡ್ಡದು. ಅರ್ಧ ಗಂಟೆಗೊಮ್ಮೆ ಎರಡೂ ಕೈ ಇಳಿಬಿಟ್ಟು ಹೆಗಲನ್ನು ಹಿಂದಕ್ಕೆ ಹತ್ತು ಸಲ ತಿರುಗಿಸಿ. ಸೊಂಟದ ಚೀಲ ಅರ್ಧ ತುಂಬಿದಾಗಲೇ ಗೋಣಿಗೆ ಸುರಿಯಿರಿ. ಕೊಂಬೆ ಹಿಡಿಯುವ ಕೈಯನ್ನು ಆಗಾಗ ಬದಲಿಸಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೂ ನೀರು ಕುಡಿಯಿರಿ.

ಕಾಳುಮೆಣಸಿಗೆ ಏಣಿ ಹತ್ತುವವರ ನೋವು ಬೇರೆ, ಅದು ಅಂಗಾಲಿನ ನಡುವಿನದು. ಮೆಟ್ಟಿಲಿನ ದುಂಡು ಕೋಲು ದಿನವಿಡೀ ಒಂದೇ ಜಾಗಕ್ಕೆ ಒತ್ತಿ, ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುತ್ತದೆ. ರಾತ್ರಿ ಕುರ್ಚಿಯಲ್ಲಿ ಕೂತು ಲಟ್ಟಣಿಗೆಯನ್ನು ಅಂಗಾಲಿನ ಕೆಳಗಿಟ್ಟು ಐದು ನಿಮಿಷ ಹಿಂದೆ ಮುಂದೆ ಉರುಳಿಸಿ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಸೆಕೆಂಡ್ ಹಿಡಿದು ಬಿಡಿ, ಹೀಗೆ ಹತ್ತು ಸಲ. ಆಮೇಲೆ ನೆಲಕ್ಕೆ ಕಾಲಿಡಿ.